‘ಜುಗಾರಿ ಕ್ರಾಸ್’ ತೆರೆಗೆ ಬರುವಾಗ ಅದರ ಕಾಲವನ್ನು ಬದಲಿಸಬೇಕೆ?

ಪ್ರಶ್ನೆ: ಘಟ್ಟದ ಓದುಗ

ಗೆಳೆಯರೆ,

ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಾದಂಬರಿಯನ್ನು ಗುರುದತ್ತ ಗಾಣಿಗ ಅವರು ಸಿನಿಮಾ ಮಾಡಲಿದ್ದಾರೆ, ರಾಜ್ ಬಿ. ಶೆಟ್ಟಿ ಅದರಲ್ಲಿ ಮುಖ್ಯ ಪಾತ್ರ ವಹಿಸಲಿದ್ದಾರೆ ಎಂಬ ಸುದ್ದಿ 2025ರ ಕೊನೆಯಲ್ಲಿ ಬಂದಾಗಿನಿಂದ ನನ್ನಲ್ಲಿ ಸಂತೋಷವೂ ಆತಂಕವೂ ಒಟ್ಟೊಟ್ಟಿಗೆ ಇವೆ. ಇದನ್ನು ತೆರೆಗೆ ತರುವ ಮಾತು ಹೊಸದೇನಲ್ಲ. ಹಿಂದೆ ಟಿ.ಎಸ್. ನಾಗಾಭರಣ ಅವರ ನಿರ್ದೇಶನದಲ್ಲಿ ಚಿರಂಜೀವಿ ಸರ್ಜಾ ನಟಿಸುವುದೆಂದು ಪ್ರಕಟವಾಗಿತ್ತು, ಅದು ಕೈಗೂಡಲಿಲ್ಲ. ಈ ಬಾರಿಯಾದರೂ ಆಗಲಿ ಎಂಬುದು ನನ್ನ ಮನಃಪೂರ್ವಕ ಹಾರೈಕೆ.

ನನ್ನ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದ್ದು. ಕಾದಂಬರಿ ಪ್ರಕಟವಾದದ್ದು 1994ರಲ್ಲಿ. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ದಂಪತಿ, ಪಶ್ಚಿಮ ಘಟ್ಟದ ಕಾಡಿನ ನಡುವಿನ ಒಂದು ಕೂಡುರಸ್ತೆ, ಕಳ್ಳಸಾಗಣೆಯ ಜಾಲ, ಹಳಗನ್ನಡ ಕಾವ್ಯವೊಂದರಲ್ಲಿ ಅಡಗಿಕೊಂಡ ಒಗಟು, ಹರಳುಕಲ್ಲುಗಳ ಆಸೆ, ಇಷ್ಟೆಲ್ಲವೂ ಸುಮಾರು ಒಂದು ದಿನದ ಅವಧಿಯೊಳಗೆ ಹೆಣೆದುಕೊಳ್ಳುತ್ತವೆ. ಮೂವತ್ತು ವರ್ಷ ದಾಟಿದ ಈ ಕತೆಯನ್ನು ಇಂದಿನ ಕಾಲಕ್ಕೆ ತಂದು ನಿಲ್ಲಿಸಿದರೆ ಹೊಸ ಪ್ರೇಕ್ಷಕರಿಗೆ ಹತ್ತಿರವಾಗುತ್ತದೆಯೇ, ಅಥವಾ ಹಾಗೆ ಮಾಡಿದ ಕೂಡಲೇ ಕತೆಯ ಬುಡವೇ ಅಲುಗಾಡುತ್ತದೆಯೇ? ಇತ್ತೀಚೆಗೆ ಕನ್ನಡದಲ್ಲಿ ಬಂದಿರುವ ಪತ್ತೇದಾರಿ ಚಿತ್ರಗಳನ್ನೂ ವೆಬ್ ಸರಣಿಗಳನ್ನೂ ನೋಡಿರುವವರು ದಯವಿಟ್ಟು ವಿವರವಾಗಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಸಕಲೇಶಪುರದ ಸುಬ್ರಾಯ

ಕಾಲವನ್ನು ಖಂಡಿತ ಬದಲಿಸಬಾರದು ಎಂಬುದು ನನ್ನ ಅಭಿಪ್ರಾಯ, ಮತ್ತು ಇದಕ್ಕೆ ಹಳೆಯದರ ಮೇಲಿನ ಮೋಹ ಕಾರಣವಲ್ಲ.

ಈ ಕಾದಂಬರಿಯಲ್ಲಿ ಅಪಾಯ ಹುಟ್ಟುವುದೇ ಏಲಕ್ಕಿ ವ್ಯಾಪಾರದ ಸ್ವರೂಪದಿಂದ. ಬೆಳೆಗಾರನು ತನ್ನ ಇಡೀ ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿಕೊಂಡು ಪೇಟೆಗೆ ಹೊರಡುತ್ತಾನೆ. ತೂಕ ಕಡಿಮೆ, ಬೆಲೆ ವಿಪರೀತ ಹೆಚ್ಚು. ಮಾರಿದ ಮೇಲೆ ಅಷ್ಟೂ ಹಣ ನೋಟಿನ ರೂಪದಲ್ಲಿ ಅವನ ಮೈಮೇಲೆಯೇ ಇರುತ್ತದೆ, ಮನೆಗೆ ಹಿಂತಿರುಗುವ ದಾರಿ ಕಾಡಿನದು, ಮತ್ತು ದಾರಿಯಲ್ಲಿ ಏನಾದರೂ ಆದರೆ ಯಾರಿಗೂ ತಿಳಿಸುವ ಸಾಧನವಿಲ್ಲ. ಈಗ ಹರಾಜು ನಡೆಯುವುದು ಬೋಡಿನಾಯಕನೂರಿನಲ್ಲಿ, ಕೇರಳದ ಪುತ್ತಡಿಯಲ್ಲಿ, ಅದೂ ಗಣಕಯಂತ್ರದ ಮೂಲಕ. ಹಣ ಬ್ಯಾಂಕ್ ಖಾತೆಗೆ ಬೀಳುತ್ತದೆ. ಸುರೇಶ ಮತ್ತು ಗೌರಿಯ ಕೈಗೆ ಮೊಬೈಲ್ ಕೊಟ್ಟು, ಖಾತೆಗೆ ಹಣ ಹಾಕಿಸಿದಿರೋ, ಅವರನ್ನು ಹಿಂಬಾಲಿಸುವವರಿಗೆ ಹಿಂಬಾಲಿಸಲು ಕಾರಣವೇ ಉಳಿಯುವುದಿಲ್ಲ. ಆಗ ಚಿತ್ರಕತೆ ಬರೆಯುವವರು ಬೇರೆ ಕಾರಣವನ್ನು ತಂದು ಅಂಟಿಸಬೇಕಾಗುತ್ತದೆ, ಮತ್ತು ಆ ಕಾರಣ ಸಾಮಾನ್ಯವಾಗಿ ನಿಧಿಯೋ, ಹಳೆಯ ದ್ವೇಷವೋ ಆಗಿಬಿಡುತ್ತದೆ.

ನಮ್ಮ ಇತ್ತೀಚಿನ ಒಳ್ಳೆಯ ಚಿತ್ರಗಳನ್ನೇ ಗಮನಿಸಿ. 2025ರ ಏಪ್ರಿಲ್‌ನಲ್ಲಿ ತೆರೆಕಂಡ, ಜನಾರ್ದನ ಚಿಕ್ಕಣ್ಣ ನಿರ್ದೇಶನದ ‘ಅಜ್ಞಾತವಾಸಿ’ ನಡೆಯುವುದು 1997ರ ಮಲೆನಾಡಿನಲ್ಲಿ. ಇದೇ ನಿರ್ದೇಶಕರು 2018ರಲ್ಲಿ ‘ಗುಳ್ಟು’ ಮೂಲಕ ಮಾಹಿತಿ ಕಳವಿನ ಕತೆಯನ್ನು ಇಂದಿನ ಬೆಂಗಳೂರಿನಲ್ಲಿಟ್ಟು ಹೇಳಿದ್ದವರು. ತಂತ್ರಜ್ಞಾನ ಗೊತ್ತಿಲ್ಲದೆ ಹಿಂದಕ್ಕೆ ಹೋದವರಲ್ಲ. ಊರಿಗೆ ಮೊದಲ ಕಂಪ್ಯೂಟರ್ ಬರುವ ಕಾಲವನ್ನೂ, ವರ್ಷಗಳಿಂದ ದೊಡ್ಡ ಅಪರಾಧವೊಂದೂ ದಾಖಲಾಗದ ಠಾಣೆಯೊಂದನ್ನೂ ಅವರು ಆರಿಸಿಕೊಂಡಿದ್ದರಿಂದಲೇ ರಂಗಾಯಣ ರಘು ಅವರ ಇನ್‌ಸ್ಪೆಕ್ಟರ್ ಜನರ ಮುಖ ನೋಡಿ, ಮಾತು ಕೇಳಿ, ನಡೆದಾಡಿ ತನಿಖೆ ಮಾಡಬೇಕಾಗುತ್ತದೆ. ಅದಕ್ಕೂ ಮುಂಚೆ, 2019ರಲ್ಲಿ, ಹೇಮಂತ್ ಎಂ. ರಾವ್ ಅವರ ‘ಕವಲುದಾರಿ’ಯಲ್ಲಿ ಅಗೆದ ನೆಲದಡಿ ಸಿಕ್ಕ ಎಲುಬುಗಳು ಕತೆಯನ್ನು ತುರ್ತುಪರಿಸ್ಥಿತಿಯ ಆಸುಪಾಸಿನ ಕಾಲಕ್ಕೆ ಒಯ್ದವು. ಅದೇ ವರ್ಷದ ‘ಬೆಲ್ ಬಾಟಂ’ ಎಂಬತ್ತರ ದಶಕದ್ದು. ಸಿಸಿಟಿವಿ ದೃಶ್ಯ, ಮೊಬೈಲ್ ಟವರ್‌ನ ದಾಖಲೆ ಎರಡೂ ಇಲ್ಲದ ಕಾಲದಲ್ಲಿ ಸುಳಿವು ಸಿಗಬೇಕಾದದ್ದು ಮನುಷ್ಯರಿಂದ, ಮತ್ತು ಮನುಷ್ಯರು ಸುಳ್ಳು ಹೇಳುತ್ತಾರೆ. ಪತ್ತೇದಾರಿ ಕತೆಗೆ ಬೇಕಾದ ಕಸುವು ಅಲ್ಲಿದೆ.

ಇನ್ನೊಂದು ಮಾತನ್ನೂ ಸೇರಿಸಬೇಕು. ತೇಜಸ್ವಿಯವರನ್ನು ಪರಿಸರದ ಲೇಖಕರೆಂದು ನೆನೆಯುವ ಭರದಲ್ಲಿ ಅವರು ಅಪರಾಧದ ಕತೆಗಳನ್ನು ಎಷ್ಟು ಗಂಭೀರವಾಗಿ ಬರೆದರು ಎಂಬುದನ್ನು ನಾವು ಮರೆತಿದ್ದೇವೆ. ‘ಕುಬಿ ಮತ್ತು ಇಯಾಲ’ದಲ್ಲಿ ಊರಿಗೆ ಬಂದ ವೈದ್ಯನೊಬ್ಬ ಹುಡುಗಿಯ ಸಾವಿನ ಹಿಂದಿನ ನಿಜವನ್ನು ಹುಡುಕುತ್ತಾನೆ, ಸದಾನಂದ ಸುವರ್ಣ ಅವರು ಅದನ್ನು ಸಿನಿಮಾ ಕೂಡ ಮಾಡಿದರು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಗುಪ್ತಚರ ಅಧಿಕಾರಿಯೊಬ್ಬ ಏಲಕ್ಕಿ ಇಳುವರಿ ಕುಸಿದದ್ದೇಕೆ, ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿ ಸತ್ತದ್ದು ಹೇಗೆ ಎಂದು ತಿಳಿಯಲು ಕೆಸರೂರಿಗೆ ಬರುತ್ತಾನೆ. ಬೆಳೆಯ ರೋಗವೂ ಮನುಷ್ಯನ ಸಾವೂ ಒಂದೇ ತನಿಖೆಯ ಎರಡು ಎಳೆಗಳಾಗುವಂತೆ ಬರೆದ ಕಾದಂಬರಿ ಬೇರೆ ಯಾವುದಿದೆ ಎಂದು ನನಗೆ ಹೊಳೆಯುತ್ತಿಲ್ಲ. ‘ಜುಗಾರಿ ಕ್ರಾಸ್’ ಇದೇ ಸಾಲಿನಲ್ಲಿ ಬಂದದ್ದು. ಕಾಡು, ಏಲಕ್ಕಿ, ನಾಟಾ ಲಾರಿ, ರಾಜಕೀಯ ಇವುಗಳ ಲೆಕ್ಕಾಚಾರವನ್ನು ಬಿಟ್ಟು ಬರೀ ಅಟ್ಟಿಸಿಕೊಂಡು ಹೋಗುವ ದೃಶ್ಯಗಳನ್ನು ಉಳಿಸಿಕೊಂಡರೆ ಅದು ತೇಜಸ್ವಿಯವರ ಕತೆಯಾಗಿ ಉಳಿಯುವುದಿಲ್ಲ.

ಉತ್ತರ: ಶಾರದಾ, ಮೈಸೂರು

ಸುಬ್ರಾಯರ ಮಾತುಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುತ್ತೇನೆ, ಆದರೆ ಕಾಲವನ್ನು ಹಿಂದಕ್ಕೆ ಒಯ್ದರೆ ಮಾತ್ರ ಪತ್ತೇದಾರಿ ಕತೆ ಗಟ್ಟಿಯಾಗುತ್ತದೆ ಎಂಬ ಧ್ವನಿಯನ್ನು ಒಪ್ಪಲಾರೆ. ಪವನ್ ಕುಮಾರ್ ಅವರ ‘ಯು ಟರ್ನ್’ 2016ರಲ್ಲಿ ಬಂದಾಗ ಅದರ ಕತೆ ಆ ಹೊತ್ತಿನ ಬೆಂಗಳೂರಿನದೇ ಆಗಿತ್ತು. ಮೇಲ್ಸೇತುವೆಯ ಮೇಲೆ ವಿಭಜಕದ ಕಲ್ಲುಗಳನ್ನು ಸರಿಸಿ ಬೈಕ್ ತಿರುಗಿಸಿಕೊಳ್ಳುವ ಸವಾರರು, ಅವರ ವಾಹನಗಳ ಸಂಖ್ಯೆಯನ್ನು ಬರೆದುಕೊಡುವ ಬೀದಿಬದಿಯ ವ್ಯಕ್ತಿ, ಆ ಚೀಟಿಯನ್ನು ಹಿಡಿದು ಹೊರಡುವ ಪತ್ರಕರ್ತೆ. ಅಲ್ಲಿ ಸುಳಿವು ಹುಟ್ಟಿದ್ದು ಆ ಸ್ಥಳದ ದಿನನಿತ್ಯದ ಒಂದು ಅಭ್ಯಾಸದಿಂದ. ಬೇರೆ ಭಾಷೆಗಳಲ್ಲಿ ಅದು ಮತ್ತೆ ಮತ್ತೆ ಮರುನಿರ್ಮಾಣವಾದದ್ದಕ್ಕೆ ಆ ಮೂಲ ಕಲ್ಪನೆಯ ಬಲವೇ ಕಾರಣವೆಂದು ನನಗೆ ತೋರುತ್ತದೆ. ಮೊಬೈಲ್ ಇದ್ದುದರಿಂದ ಕುತೂಹಲವೇನೂ ಕಡಿಮೆಯಾಗಲಿಲ್ಲ.

ಕೊಲೆಗಾರ ಯಾರೆಂಬುದನ್ನು ಮುಚ್ಚಿಡುವುದರಲ್ಲಿಯೇ ರೋಚಕತೆ ಇದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. 2024ರ ಫೆಬ್ರವರಿಯಲ್ಲಿ ಬಂದ ಸಂದೀಪ್ ಸುಂಕದ ನಿರ್ದೇಶನದ ‘ಶಾಖಾಹಾರಿ’ಯನ್ನು ನೋಡಿ (ಇನ್ನೂ ನೋಡದವರು ಈ ಪ್ಯಾರಾವನ್ನು ಬಿಟ್ಟು ಮುಂದೆ ಹೋಗಬಹುದು). ಮಲೆನಾಡಿನ ಒಂದು ಸಣ್ಣ ಸಸ್ಯಾಹಾರಿ ಹೋಟೆಲಿನ ಒಲೆಯ ಮುಂದೆ ನಿಂತ ಸುಬ್ಬಣ್ಣ ಏನನ್ನು ಬಚ್ಚಿಡುತ್ತಿದ್ದಾನೆಂಬುದು ನಮಗೆ ತಿಳಿದೇ ಇರುತ್ತದೆ. ಗೋಪಾಲಕೃಷ್ಣ ದೇಶಪಾಂಡೆ ಅವರ ಪೊಲೀಸ್ ಅಧಿಕಾರಿ ಅದಕ್ಕೆ ಎಷ್ಟು ಹತ್ತಿರ ಬರುತ್ತಾರೆ ಎಂಬುದಷ್ಟೇ ತಿಳಿಯದು. ಜಪಾನಿನ ಕೀಗೊ ಹಿಗಾಶಿನೊ 2005ರ ತಮ್ಮ ಪ್ರಸಿದ್ಧ ಕಾದಂಬರಿಯಲ್ಲಿ ಕೊಲೆಯನ್ನು ಆರಂಭದಲ್ಲಿಯೇ ಓದುಗರ ಕಣ್ಣೆದುರಿಗೆ ನಡೆಸಿ, ಮುಚ್ಚಿಹಾಕಿದ ಬಗೆಯನ್ನು ಮಾತ್ರ ಕೊನೆಯ ತನಕ ಉಳಿಸಿಕೊಳ್ಳುತ್ತಾರೆ. ಸುಜೊಯ್ ಘೋಷ್ 2023ರಲ್ಲಿ ಅದನ್ನು ಹಿಂದಿಯಲ್ಲಿ ‘ಜಾನೇ ಜಾನ್’ ಎಂದು ತೆಗೆದಾಗ ಕತೆಯನ್ನು ಟೋಕಿಯೊದಿಂದ ಕಾಲಿಂಪಾಂಗಿಗೆ ತಂದರು. ಸ್ಥಳವೂ ಕಾಲವೂ ಬದಲಾದರೂ ಒಳಗಿನ ಕಟ್ಟು ಉಳಿಯಿತು.

ಆದ್ದರಿಂದ ‘ಜುಗಾರಿ ಕ್ರಾಸ್’ ವಿಷಯದಲ್ಲಿ ನಾನು ಕೇಳುವ ಪ್ರಶ್ನೆ ಬೇರೆ. ಪ್ರೇಕ್ಷಕರಿಗೆ ಯಾವುದು ಮೊದಲೇ ಗೊತ್ತಿರಬೇಕು, ಯಾವುದು ಸುರೇಶ ಮತ್ತು ಗೌರಿಯ ಜತೆಯಲ್ಲೇ ಗೊತ್ತಾಗುತ್ತ ಹೋಗಬೇಕು? ಕಾದಂಬರಿಯಲ್ಲಿ ಓದುಗರಿಗೆ ಆ ಕೂಡುರಸ್ತೆಯ ವ್ಯವಹಾರಗಳ ಪರಿಚಯ ದಂಪತಿಗಿಂತ ಹೆಚ್ಚಾಗಿ ಇದೆ, ಹಾಗಾಗಿಯೇ ಅವರ ಪ್ರತಿ ಹೆಜ್ಜೆಗೂ ನಾವು ಹೆದರುತ್ತೇವೆ. ಈ ಹದವನ್ನು ಕಾಯ್ದುಕೊಂಡರೆ 1994 ಆದರೂ ಸರಿ, ಇಂದಾದರೂ ಸರಿ.

ಉತ್ತರ: ಕಂತುಪ್ರಿಯ

ಸಿನಿಮಾಕ್ಕಿಂತ ಆರೇಳು ಕಂತುಗಳ ಸರಣಿಯೇ ಈ ಕಾದಂಬರಿಗೆ ಒಗ್ಗುತ್ತಿತ್ತು. ದಾರಿಯಲ್ಲಿ ಎದುರಾಗುವ ಪ್ರತಿ ಪಾತ್ರಕ್ಕೂ ತೇಜಸ್ವಿ ಒಂದು ಹಿಂದಿನ ಕತೆಯನ್ನು ಕೊಟ್ಟಿದ್ದಾರೆ. ಎರಡೂವರೆ ಗಂಟೆಯಲ್ಲಿ ಮೊದಲು ಬಲಿಯಾಗುವುದು ಅವೇ.

ಕನ್ನಡದಲ್ಲಿ ಸರಣಿಗಳಿಗೆ ನೆಲೆ ಸಿಗುವುದು ಬಹಳ ಕಷ್ಟವಾಗಿತ್ತು. ರಕ್ಷಿತ್ ಶೆಟ್ಟಿ ಅವರ ಸಂಸ್ಥೆ ‘ಏಕಂ’ ಸರಣಿಯನ್ನು ಯಾವ ದೊಡ್ಡ ಒಟಿಟಿಯೂ ಕೊಳ್ಳದೆ ಹೋದದ್ದರಿಂದ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದ ಮೂಲಕ ಬಿಡುಗಡೆ ಮಾಡಬೇಕಾಯಿತು. ಮರುವರ್ಷ ಪರಿಸ್ಥಿತಿ ಸ್ವಲ್ಪ ಬದಲಾಯಿತು. 2025ರಲ್ಲಿ ಜೀ5ನಲ್ಲಿ ರಮೇಶ್ ಇಂದಿರಾ ನಿರ್ದೇಶನದ ‘ಅಯ್ಯನ ಮನೆ’ ಬಂತು, ನಂತರ ಪವನ್ ಕುಮಾರ್ ಮುಖ್ಯ ಪಾತ್ರದಲ್ಲಿರುವ ‘ಶೋಧ’ ಬಂತು, ವರ್ಷಾಂತ್ಯದ ಹೊತ್ತಿಗೆ ‘ಮಾರಿಗಲ್ಲು’ ಬಂತು. ಮೂರೂ ನಿಗೂಢತೆಯನ್ನೇ ನೆಚ್ಚಿಕೊಂಡವು. ಕಂತುಗಳು ಚಿಕ್ಕವು, ಹಣ ಸೀಮಿತ, ಆದರೂ ದಾರಿ ತೆರೆದಿದೆ. ‘ಅಯ್ಯನ ಮನೆ’ಯಲ್ಲಿ ಒಂದು ಮನೆಯೊಳಗಿನ ಸೊಸೆಯರ ಸಾವುಗಳನ್ನು ಹಿಡಿದು ಭಯವನ್ನು ಹೆಣೆದ ರೀತಿ ನನಗೆ ಇಷ್ಟವಾಯಿತು, ಏಕೆಂದರೆ ಅಲ್ಲಿ ಕಾಡನ್ನು ಕೇವಲ ಹಿನ್ನೆಲೆಯ ಸೊಗಸಿಗಾಗಿ ತೋರಿಸುವ ಪ್ರಲೋಭನೆ ಕಡಿಮೆ.

ಮರುಪ್ರಶ್ನೆ: ಘಟ್ಟದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಏಲಕ್ಕಿ ಹರಾಜಿನ ಬಗ್ಗೆ ಸುಬ್ರಾಯರು ಬರೆದದ್ದು ನನಗೆ ನಿರ್ಣಾಯಕವೆನಿಸಿತು, ಆದರೂ ಶಾರದಾ ಮೇಡಂ ಅವರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ‘ಮಾರಿಗಲ್ಲು’ ಹೆಸರು ಬಂದಿದ್ದರಿಂದ ಒಂದು ಅನುಮಾನವನ್ನು ಮುಂದಿಡುತ್ತೇನೆ. ಅದೂ ತೊಂಬತ್ತರ ದಶಕದ ಶಿರಸಿ ಸೀಮೆಯ ಕತೆ, ಅದರಲ್ಲಿಯೂ ಹಳೆಯ ಕಾಲದ ನಿಧಿಯ ಹುಡುಕಾಟವಿದೆ. ‘ಜುಗಾರಿ ಕ್ರಾಸ್’ನಲ್ಲಿಯೂ ಕಾವ್ಯದ ಒಗಟು, ಹರಳುಕಲ್ಲು ಇವೆಯಲ್ಲ, ಸಿನಿಮಾ ಕೂಡ ನಿಧಿಶೋಧವಾಗಿಯೇ ಮುಗಿದುಹೋಗುವ ಸಾಧ್ಯತೆ ಇದೆಯೇ? ನಮ್ಮ ಹಳೆಯ ಪತ್ತೇದಾರಿ ಕಾದಂಬರಿಗಳಲ್ಲಿ ಇಂಥ ವಸ್ತುವನ್ನು ಹೇಗೆ ನಿಭಾಯಿಸುತ್ತಿದ್ದರು ಎಂದು ತಿಳಿದವರು ಹೇಳಬೇಕು.

ಉತ್ತರ: ಹಳೆಪುಸ್ತಕದ ವೆಂಕಟೇಶಮೂರ್ತಿ

ಆ ಸಾಧ್ಯತೆ ಇದೆ, ಮತ್ತು ಅದನ್ನು ಈಗಲೇ ಹೇಳಿದ್ದು ಒಳ್ಳೆಯದಾಯಿತು.

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಓದುಗವರ್ಗವನ್ನು ಕಟ್ಟಿದವರಲ್ಲಿ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ ಒಬ್ಬರು. ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯ ಇನ್ನೊಬ್ಬರು, ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದಂಗಡಿಗಳ ಮುಂದೆ ಜನ ಕಾಯುತ್ತಿದ್ದರು. ಆ ಕಾದಂಬರಿಗಳಲ್ಲಿ ಕತೆಯನ್ನು ಮುನ್ನಡೆಸುವವನು ಪತ್ತೇದಾರ. ಅವನ ಜಾಣ್ಮೆ, ವೇಷ, ಧೈರ್ಯ ಇವೇ ಮುಖ್ಯ. ಅಪರಾಧ ನಡೆದ ಊರು ಯಾವುದಾದರೂ ಆಗಬಹುದಿತ್ತು. ಮುಂದೆ ಟಿ.ಕೆ. ರಾಮರಾವ್ ಅಪರಾಧವನ್ನು ಸಂಸಾರದೊಳಗೆ, ಎಸ್ಟೇಟಿನೊಳಗೆ ತಂದರು. ‘ಬಂಗಾರದ ಮನುಷ್ಯ’ ಅವರ ಕಾದಂಬರಿಯೆಂಬುದು ಬಹಳ ಜನರಿಗೆ ಗೊತ್ತು, ಅವರ ರೋಚಕ ಕಾದಂಬರಿಗಳನ್ನು ಓದಿದವರು ಈಗ ಕಡಿಮೆ. ಇತಿಹಾಸದ ಒಗಟನ್ನು ಹಿಡಿದು ರೋಚಕ ಕತೆ ಹೇಳುವುದನ್ನು ನಮ್ಮ ಕಾಲದಲ್ಲಿ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ‘ಕನಕ ಮುಸುಕು’, ‘ಕರಿಸಿರಿಯಾನ’ ಮುಂತಾದವುಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವನ್ನಾಗಿಯೇ ಬೆಳೆಸಿದರು. ಅವರಲ್ಲಿ ಶಾಸನ, ಶಿಲ್ಪ, ಆಕರಗ್ರಂಥಗಳೇ ಸುಳಿವುಗಳು, ಆದ್ದರಿಂದ ಒಗಟು ಬಿಡಿಸುವುದೇ ಕತೆಯ ಗುರಿಯಾಗುವುದು ಸಹಜ.

ತೇಜಸ್ವಿಯವರ ರೀತಿ ಈ ಯಾವುದೂ ಅಲ್ಲ. ‘ಜುಗಾರಿ ಕ್ರಾಸ್’ನಲ್ಲಿ ಹೇಳಿಕೊಳ್ಳುವಂಥ ಪತ್ತೇದಾರನಿಲ್ಲ. ಸಿಕ್ಕಿಹಾಕಿಕೊಂಡವರೇ ದಾರಿ ಹುಡುಕಬೇಕು. ಒಗಟಿನ ಕಾವ್ಯ ಅಲ್ಲಿ ಆಕರ್ಷಣೆಯೂ ಹೌದು, ಎಚ್ಚರಿಕೆಯೂ ಹೌದು: ನೆಲದಡಿಯ ಐಶ್ವರ್ಯದ ಹಿಂದೆ ಹೋದವರಿಗೆ ಏನಾಯಿತೆಂಬುದನ್ನು ಅದು ನೆಲದ ಮೇಲಿನ ಐಶ್ವರ್ಯವನ್ನು ಸೂರೆಮಾಡುತ್ತಿರುವವರ ಕತೆಯ ಪಕ್ಕದಲ್ಲಿಯೇ ಇಡುತ್ತದೆ. ಚಿತ್ರದಲ್ಲಿ ಹರಳುಕಲ್ಲಿಗೆ ಎಷ್ಟು ನಿಮಿಷ ಸಿಗುತ್ತದೋ ಅಷ್ಟಾದರೂ ನಿಮಿಷ ಏಲಕ್ಕಿ ಮಂಡಿಗೂ ಕಾಡಿನಿಂದ ಹೊರಡುವ ಲಾರಿಗಳಿಗೂ ಸಿಗಬೇಕು. ಕಾಲದ ವಿಷಯದಲ್ಲಿ ನಾನು ಸುಬ್ರಾಯರ ಪಕ್ಷ. ತೊಂಬತ್ತರ ದಶಕವೆಂದರೆ ಹಳೆಯ ಬಸ್ಸು, ರೇಡಿಯೊಗಳನ್ನು ಜೋಡಿಸಿಟ್ಟರೆ ಸಾಲದು. ಆಗಿನ ವ್ಯಾಪಾರ ಹೇಗೆ ನಡೆಯುತ್ತಿತ್ತು, ಸಾಲ ಯಾರು ಕೊಡುತ್ತಿದ್ದರು, ಬೆಲೆ ಯಾರು ಕಟ್ಟುತ್ತಿದ್ದರು ಎಂಬುದು ದೃಶ್ಯಗಳಲ್ಲಿ ಕಾಣಬೇಕು.

ಸಿನಿಮಾ ಬರುವುದರೊಳಗೆ ಓದಬೇಕೆಂದಿರುವವರು ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಿಂದ ತೊಡಗಬಹುದು. ‘ಕುಬಿ ಮತ್ತು ಇಯಾಲ’ ಇರುವುದು ಅದರಲ್ಲಿಯೇ, ಗಿರೀಶ ಕಾಸರವಳ್ಳಿಯವರು ಚಿತ್ರವಾಗಿಸಿದ ‘ತಬರನ ಕತೆ’ ಇರುವುದೂ ಅದರಲ್ಲಿ, 2023ರಲ್ಲಿ ತೆರೆಗೆ ಬಂದ ‘ಡೇರ್‌ಡೆವಿಲ್ ಮುಸ್ತಾಫಾ’ದ ಮೂಲಕತೆಯೂ ಅಲ್ಲಿಯದೇ. ಅದಾದ ಮೇಲೆ ‘ನಿಗೂಢ ಮನುಷ್ಯರು’, ಅನಂತರ ‘ಚಿದಂಬರ ರಹಸ್ಯ’, ಕೊನೆಗೆ ‘ಜುಗಾರಿ ಕ್ರಾಸ್’. ಈ ಕ್ರಮದಲ್ಲಿ ಓದಿದರೆ ಒಂದು ಹೆಣದ ಸುತ್ತ ನಡೆಯುವ ತನಿಖೆಯಿಂದ ಹೊರಟು ಇಡೀ ಸೀಮೆಯ ತನಿಖೆಯ ತನಕ ಅವರು ಹೇಗೆ ಬಂದರು ಎಂಬುದು ಸ್ಪಷ್ಟವಾಗುತ್ತದೆ. ಚಿತ್ರತಂಡದವರು ಯಾರಾದರೂ ಈ ಚರ್ಚೆಯನ್ನು ನೋಡುತ್ತಿದ್ದರೆ ಅವರಲ್ಲಿಯೂ ನನ್ನ ವಿನಂತಿ ಇದೇ.