ಸಹಾಯ ಬೇಕು: ಶಾಲೆಯ ಟ್ರಸ್ಟ್‌ಗೆ ಪೋಷಕರು ಸೇರುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಸೋಮವಾರಪೇಟೆ ಕಡೆಯವರು. ಮಗಳು ಐದನೇ ಕ್ಲಾಸು, ಅನುದಾನ ಇಲ್ಲದ ಖಾಸಗಿ ಶಾಲೆ. ಹಳೆಯ ಟ್ರಸ್ಟಿಗಳಿಗೆ ವಯಸ್ಸಾಗಿದೆ. ಪೋಷಕರಲ್ಲಿ ಇಬ್ಬರು ಬನ್ನಿ ಅಂತ ಅವರೇ ಕರೆದಿದ್ದಾರೆ. ನನ್ನ ಹೆಸರೂ ಬಂದಿದೆ.

ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಆದರೆ ಆ ನಿಯಮ ಅನುದಾನರಹಿತ ಶಾಲೆಗಳಿಗೆ ಬರುವುದಿಲ್ಲ. ಹಾಗಾಗಿ ನಮಗೆ ಟ್ರಸ್ಟ್ ಡೀಡೇ, ಅಂದರೆ ಟ್ರಸ್ಟ್ ಸ್ಥಾಪಿಸಿದಾಗ ಬರೆದ ಪತ್ರವೇ ಆಧಾರ. ಅದನ್ನು ತೋರಿಸಿದರು. ಛಾಪಾ ಕಾಗದದ ಮೇಲೆ ಟೈಪ್ ಮಾಡಿದ್ದು, ಮಳೆಗಾಲದ ತೇವಕ್ಕೆ ಅಂಚೆಲ್ಲ ಕಪ್ಪಾಗಿದೆ. ಹೊಸ ಟ್ರಸ್ಟಿಗಳನ್ನು ಸೇರಿಸಿಕೊಳ್ಳಬಹುದು ಅಂತ ಒಂದೇ ಸಾಲು. ಎಷ್ಟು ವರ್ಷಕ್ಕೆ, ಮಗು ಶಾಲೆ ಬಿಟ್ಟ ಮೇಲೆ ಏನು, ಒಂದು ಮಾತೂ ಇಲ್ಲ.

ನನಗೆ ಜಾಸ್ತಿ ಅಳುಕು ಫೀಸ್ ವಿಷಯದಲ್ಲಿ. ಕಟ್ಟುವವಳೂ ನಾನೇ, ನಿಗದಿ ಮಾಡುವವಳೂ ನಾನೇ ಆದರೆ ಸರಿಯಲ್ಲ ಅಲ್ವಾ? ಆ ಚರ್ಚೆ ಬಂದಾಗ ಎದ್ದು ಹೊರಗೆ ಹೋಗಬೇಕಾ? ಶಾಲೆಯ ಸಾಲ ಟ್ರಸ್ಟಿಗಳ ತಲೆಗೆ ಬರುತ್ತದೆಯಾ?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಯಾರಾದರೂ ಹೀಗೆ ಸೇರಿದ್ದೀರಾ? ಸಹಿ ಹಾಕುವ ಮೊದಲು ಯಾವ ಕಾಗದ ಕೇಳಿ ನೋಡಿದಿರಿ? ಮೂರು ವರ್ಷದ ಆಡಿಟ್ ವರದಿ ಕೇಳಿದ್ದೇನೆ, ಸುಮ್ನೆ ಹೆಸರಿಗೆ ಸೇರಲು ಮನಸ್ಸಿಲ್ಲ. ಭಾನುವಾರ ಮೀಟಿಂಗ್ ಇದೆ. ಅದಕ್ಕೆ ಮುಂಚೆ ಹೇಳಿದರೆ ದೊಡ್ಡ ಉಪಕಾರ.