ಐನ್‌ಮನೆಗೆ ಫ್ಯೂಯಲ್ ಸೆಲ್: ದುಡ್ಡು ಹಾಕೋ ಮೊದಲು ಗುರಿ ಬರೆಯೋಣ

ಚಿಕ್ಕಪ್ಪ (ಭಾಗಮಂಡಲ): ನಮ್ಮ ಕುಟುಂಬದ ಗುಂಪಿಗೆ ನಾನು ಹಾಕಿದ ಫ್ಯೂಯಲ್ ಸೆಲ್ ವಿಡಿಯೋ ಎಲ್ಲರೂ ಪೂರ್ತಿ ನೋಡಿ. ಸೂಟ್‌ಕೇಸ್ ಗಾತ್ರದ ಪೆಟ್ಟಿಗೆ, ಮೆಥನಾಲ್ ಕ್ಯಾನ್ ಜೋಡಿಸಿದರೆ ಕರೆಂಟ್ ಕೊಡುತ್ತೆ. ಸದ್ದಿಲ್ಲ, ಹೊಗೆಯಿಲ್ಲ. ಮಳೆಗಾಲದ ಒಳಗೆ ನಮ್ಮೆಲ್ಲರ ಹಿರಿಯರ ಮನೆ, ಐನ್‌ಮನೆಗೆ ಒಂದು ತಗೊಳ್ಳೋಣ. ಒಂದೊಂದು ಮನೆಯಿಂದ ಇಷ್ಟು ಅಂತ ಹಾಕಿದರೆ ಆಯ್ತು.

ಅತ್ತೆ (ಮಡಿಕೇರಿ): ನನ್ನ ಒಪ್ಪಿಗೆ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಯಾರ ಫೋನಿಗೂ ಚಾರ್ಜ್ ಇರಲಿಲ್ಲ. ಯಾರು ಎಲ್ಲಿದ್ದಾರೆ ಅಂತಲೂ ಗೊತ್ತಾಗಲಿಲ್ಲ.

ತಮ್ಮ (ಮೈಸೂರು): ಇನ್ನೊಂದು ಲಿಥಿಯಂ ಬ್ಯಾಟರಿ ಇಟ್ಟರೆ ಮುಗೀತು ಚಿಕ್ಕಪ್ಪ. ಇದೆಲ್ಲ ಯಾಕೆ?

ಚಿಕ್ಕಪ್ಪ: ಬ್ಯಾಟರಿ ಖಾಲಿಯಾದ ಮೇಲೆ ಎಲ್ಲಿ ಚಾರ್ಜ್ ಮಾಡ್ತೀಯ? ನಮ್ಮಲ್ಲಿ ಜುಲೈನಲ್ಲಿ ಬಿಸಿಲು ಎಲ್ಲಿಂದ ಬರುತ್ತೆ ಸೋಲಾರ್‌ಗೆ? ಮತ್ತೆ ಈ ಪಟ್ಟಿ ನೋಡು, ಅಮೆರಿಕದ ಇಂಧನ ಇಲಾಖೆಯವರೇ 2015ಕ್ಕೆ ಅಂತ ಹಾಕಿದ್ದು. 10ರಿಂದ 50 ವ್ಯಾಟ್‌ನ ಫ್ಯೂಯಲ್ ಸೆಲ್‌ಗೆ ವ್ಯಾಟ್‌ಗೆ 7 ಡಾಲರ್. ಅಂದರೆ ಸುಮಾರು 600 ರೂಪಾಯಿ. 40 ವ್ಯಾಟ್‌ನದ್ದು 24 ಸಾವಿರಕ್ಕೆ ಬರಬೇಕು.

ನಾನು: ಚಿಕ್ಕಪ್ಪ, ಪಟ್ಟಿ ಸರಿ ಇದೆ. ಆದರೆ ಅದು ಗುರಿ, ಅಂಗಡಿ ಬೆಲೆ ಅಲ್ಲ. ಅದೇ ಪಟ್ಟಿಯಲ್ಲಿ ಪಕ್ಕದ ಕಾಲಂ ನೋಡಿ, 2011ರ ಸ್ಥಿತಿ ವ್ಯಾಟ್‌ಗೆ 15 ಡಾಲರ್. ಈಗ ಯೂರೋಪಿನಲ್ಲಿ ಮಾರುವ 40 ವ್ಯಾಟ್‌ನ ಮೆಥನಾಲ್ ಪೆಟ್ಟಿಗೆಯ ಬೆಲೆ ಎರಡು ಸಾವಿರ ಯೂರೋ ದಾಟುತ್ತೆ. ನಮಗೆ ಎರಡು ಲಕ್ಷ ಅಂತಲೇ ಇಟ್ಟುಕೊಳ್ಳಿ. ವ್ಯಾಟ್‌ಗೆ 5,000 ರೂಪಾಯಿ ಆಯ್ತು. ಬೇಡ ಅಂತ ಹೇಳ್ತಿಲ್ಲ. ನಮಗೆ ಬೇಕಾದ್ದು ಏನು, ಎಷ್ಟು ದಿನಕ್ಕೆ, ಎಷ್ಟರವರೆಗೆ ಕೊಡಬಹುದು ಅಂತ ಮೊದಲು ಬರೆದುಕೊಳ್ಳೋಣ. ಇನ್ನೊಬ್ಬರ ಗುರಿ ಹಿಡಿದು ನಮ್ಮ ಮನೆಗೆ ಸಾಮಾನು ತರೋದು ಬೇಡ.

ಅಣ್ಣ (ವಿರಾಜಪೇಟೆ): ನನ್ನ ಪ್ರಕಾರ ಮೊದಲ ಗುರಿ ತೂಕ. ಸೈನ್ಯದಲ್ಲಿದ್ದಾಗ ರೇಡಿಯೋಗೆ ಅಂತ ಬ್ಯಾಟರಿ ಹೊತ್ತು ಗುಡ್ಡ ಹತ್ತಿದ್ದೀನಿ. ಬೆಲೆ ಆಮೇಲೆ ನೋಡಿದರಾಯ್ತು.

ನಾನು: ಹೊತ್ತು ನಡೆಯೋರಿಗೆ ನೀನು ಹೇಳೋದು ನೂರಕ್ಕೆ ನೂರು ಸರಿ ಅಣ್ಣ. ಅದೇ ಪಟ್ಟಿಯಲ್ಲಿ ಕೆಜಿಗೆ 650 ವ್ಯಾಟ್-ಅವರ್ ಅಂತ ಇದೆಯಲ್ಲ, ಅದು ಯಂತ್ರ ಮತ್ತು ಇಂಧನ ಸೇರಿಸಿದ ತೂಕಕ್ಕೆ. 20 ವ್ಯಾಟ್ ರೇಡಿಯೋ 72 ಗಂಟೆ ನಡೆಸಬೇಕು ಅಂದರೆ 1,440 ವ್ಯಾಟ್-ಅವರ್. ಗುರಿ ಮುಟ್ಟಿದ ಫ್ಯೂಯಲ್ ಸೆಲ್ ಆದರೆ 2.2 ಕೆಜಿ. ಕೆಜಿಗೆ 150 ಕೊಡೋ ಲಿಥಿಯಂ ಪ್ಯಾಕ್ ಆದರೆ 9.6 ಕೆಜಿ. ಅಲ್ಲಿ ದುಬಾರಿ ಕೊಟ್ಟರೂ ಅರ್ಥ ಇದೆ. ಐನ್‌ಮನೆಯಲ್ಲಿ ಅದನ್ನು ಯಾರೂ ಹೊರಲ್ಲ, ಅಟ್ಟದ ಕೆಳಗೆ ಕೂತಿರುತ್ತೆ. 12 ಕೆಜಿ ಆದರೂ ಒಂದೇ, 50 ಕೆಜಿ ಆದರೂ ಒಂದೇ.

ತಮ್ಮ: ಸರಿ, ಮನೆ ಲೆಕ್ಕ ಹೇಳು.

ನಾನು: ಹೇಳ್ತೀನಿ, ಸ್ವಲ್ಪ ಉದ್ದ ಇದೆ. 9 ವ್ಯಾಟ್‌ನ 4 ಬಲ್ಬ್, ಸಂಜೆಯಿಂದ 5 ಗಂಟೆ, 180 ವ್ಯಾಟ್-ಅವರ್. ಫೈಬರ್ ಪೆಟ್ಟಿಗೆ ಮತ್ತು ವೈಫೈ ಸೇರಿ 15 ವ್ಯಾಟ್, ದಿನವಿಡೀ, 360. ಐದಾರು ಫೋನ್‌ಗೆ 80. ಒಟ್ಟು 620, ಇನ್ವರ್ಟರ್ ತಿನ್ನೋದು ಸೇರಿಸಿ 650 ಅನ್ನೋಣ. ಈಗಿರೋ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಹೊಸದಾಗಿದ್ದಾಗ ಎರಡು ದಿನ ಎಳೆಯುತ್ತೆ.

40 ವ್ಯಾಟ್‌ನ ಫ್ಯೂಯಲ್ ಸೆಲ್ ದಿನಕ್ಕೆ 960 ವ್ಯಾಟ್-ಅವರ್ ಕೊಡುತ್ತೆ. ಸಾಕು. ಮಿಕ್ಸಿ ಹಾಕಿದಾಗ ಆಗೋ ಜಗ್ಗಾಟಕ್ಕೆ ಅದೇ ಹಳೆ ಬ್ಯಾಟರಿ ಜೊತೆಗಿರಬೇಕು, ಸೆಲ್ ನಿಧಾನಕ್ಕೆ ಅದನ್ನು ತುಂಬುತ್ತಾ ಇರುತ್ತೆ. ಒಂದು ಯೂನಿಟ್‌ಗೆ, ಅಂದರೆ ಸಾವಿರ ವ್ಯಾಟ್-ಅವರ್‌ಗೆ, ಸುಮಾರು 0.9 ಲೀಟರ್ ಮೆಥನಾಲ್ ಬೇಕು. ಒಂದು ಲೀಟರ್ ಮೆಥನಾಲ್‌ನಲ್ಲಿ 4.4 ಯೂನಿಟ್‌ನಷ್ಟು ಶಾಖ ಇದೆ, ಅದರಲ್ಲಿ ಕಾಲು ಭಾಗ ಮಾತ್ರ ಕರೆಂಟ್ ಆಗುತ್ತೆ. ಸ್ವಲ್ಪ ಮೆಥನಾಲ್ ಕರೆಂಟ್ ಕೊಡದೆ ಸೆಲ್ ಒಳಗಿನ ತೆಳು ಪೊರೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೆ, ಉಳಿದದ್ದರಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತೆ. ಪ್ಲಾಟಿನಂ, ರುಥೇನಿಯಂ ಅನ್ನೋ ದುಬಾರಿ ಲೋಹ ಹಾಕಿ ಮಾಡೋದು, ಅದಕ್ಕೇ ಬೆಲೆ ಸುಲಭಕ್ಕೆ ಇಳಿಯೋದಿಲ್ಲ.

ಈಗ ಮುಖ್ಯ ವಿಷಯ. ಬ್ಯಾಟರಿಯಲ್ಲಿ ಒಂದು ದಿನ ಜಾಸ್ತಿ ಬೇಕು ಅಂದರೆ ಇನ್ನೂ 650 ವ್ಯಾಟ್-ಅವರ್ ಕೊಳ್ಳಬೇಕು. 2024ರಲ್ಲಿ ಲಿಥಿಯಂ ಪ್ಯಾಕ್‌ನ ಜಾಗತಿಕ ಸರಾಸರಿ ಬೆಲೆ ಒಂದು ಯೂನಿಟ್ ಹಿಡಿಯೋ ಪ್ಯಾಕ್‌ಗೆ 115 ಡಾಲರ್ ಅಂತ ಬೆಲೆ ಸಮೀಕ್ಷೆ ಮಾಡೋ ಬ್ಲೂಮ್‌ಬರ್ಗ್ ಎನ್‌ಇಎಫ್ ಸಂಸ್ಥೆ ಹೇಳಿತ್ತು. ಆ ಲೆಕ್ಕಕ್ಕೆ ದಿನಕ್ಕೆ ಸುಮಾರು 6,500 ರೂಪಾಯಿ, ನಮ್ಮ ಅಂಗಡಿಯಲ್ಲಿ ಅದರ ಎರಡು ಪಟ್ಟು ಅಂದರೂ 13,000. ಫ್ಯೂಯಲ್ ಸೆಲ್‌ಗೆ ಒಂದು ದಿನ ಜಾಸ್ತಿ ಅಂದರೆ ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು ಮೆಥನಾಲ್, ಅಷ್ಟೇ. ಹಾಗಾಗಿ ಕತ್ತಲು ಉದ್ದವಾದಷ್ಟೂ ಅದು ಗೆಲ್ಲುತ್ತೆ. ಆದರೆ ಎರಡು ಲಕ್ಷಕ್ಕೆ ತಗೊಂಡರೆ ಎಷ್ಟನೇ ದಿನಕ್ಕೆ ಗೆಲ್ಲುತ್ತೆ? ಹದಿನೈದರ ಮೇಲೆ. ನಮ್ಮಲ್ಲಿ ಅಷ್ಟು ದಿನ ಕರೆಂಟ್ ಹೋಗಿದ್ದು ನೆನಪಿದೆಯಾ?

ಚಿಕ್ಕಪ್ಪ: ಹದಿನೈದು ಇಲ್ಲ. ಮರ ಬಿದ್ದು ಕಂಬ ಹೋದರೆ ಮೂರು ನಾಲ್ಕು ದಿನ. ರಸ್ತೆ ಕೊಚ್ಚಿಹೋದರೆ ಲೈನ್‌ಮನ್‌ಗಳೂ ಬರೋಕಾಗಲ್ಲ, ಆಗ ವಾರ. ಅವರೇನು ಮಾಡ್ತಾರೆ ಪಾಪ, ಮಳೆಯಲ್ಲೇ ಕಂಬ ಹತ್ತುತ್ತಾರೆ.

ನಾನು: ಹಾಗಾದರೆ ನಮ್ಮ ಗುರಿ 6 ದಿನ ಅಂತ ಇಟ್ಟುಕೊಳ್ಳೋಣ. ಅಷ್ಟಕ್ಕೆ ಬ್ಯಾಟರಿಯೇ 78 ಸಾವಿರ ಆಗುತ್ತೆ. ಅದನ್ನು 40 ವ್ಯಾಟ್‌ಗೆ ಹಂಚಿದರೆ ವ್ಯಾಟ್‌ಗೆ 2,000 ರೂಪಾಯಿ ಹತ್ತಿರ. ಆ ಬೆಲೆಗೆ ಯಾರಾದರೂ ಕೊಟ್ಟರೆ ಫ್ಯೂಯಲ್ ಸೆಲ್‌ಗೆ ನಾನೇ ಮೊದಲು ದುಡ್ಡು ಹಾಕ್ತೀನಿ. ಅಮೆರಿಕದವರ 600 ರೂಪಾಯಿಗೆ ಕಾಯಬೇಕಿಲ್ಲ. 5,000 ಮಾತ್ರ ಕೊಡಬಾರದು.

ತಮ್ಮ: ಬಾಳಿಕೆ ಲೆಕ್ಕ ಬಿಟ್ಟೆ. ಪಟ್ಟಿಯಲ್ಲಿ 5,000 ಗಂಟೆ ಅಂತ ಇದೆ, 2011ರಲ್ಲಿ 1,500 ಇತ್ತು. 1,500ಕ್ಕೆ ಸತ್ತರೆ ಎರಡು ಲಕ್ಷ ನೀರಿಗೆ ಹಾಕಿದ ಹಾಗೆ.

ನಾನು: ದಿನಾ ಓಡಿಸೋರಿಗೆ ಹೌದು. 40 ವ್ಯಾಟ್ 5,000 ಗಂಟೆ ಓಡಿದರೆ 200 ಯೂನಿಟ್, 1,500 ಗಂಟೆಗೆ ಬರೀ 60 ಯೂನಿಟ್. ನಮ್ಮಲ್ಲಿ ವರ್ಷಕ್ಕೆ 300 ಗಂಟೆ ಓಡಿದರೆ ಹೆಚ್ಚು, 1,500 ಸಿಕ್ಕರೂ 5 ವರ್ಷ. ನನಗೆ ಭಯ ಇರೋದು ಬೇರೆ ಕಡೆ. ಅಕ್ಟೋಬರ್‌ನಿಂದ ಜೂನ್‌ವರೆಗೆ ಸುಮ್ನೆ ಕೂತಿರುತ್ತಲ್ಲ, ಆಗ ಒಳಗಿನ ಪೊರೆ ಒಣಗಬಾರದು. ಹಾಗೆ ಕೂತಿದ್ದು ಮಳೆಗಾಲದ ಮೊದಲ ರಾತ್ರಿ ಶುರುವಾಗುತ್ತಾ? ಈ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ. ನಮ್ಮ ಗುರಿಯಲ್ಲಿ ಅದು ಮೊದಲ ಸಾಲಾಗಿರಬೇಕು. ಮಾರುವವರು ಬರವಣಿಗೆಯಲ್ಲಿ ಕೊಡಲಿ.

ಅತ್ತೆ: ಮೆಥನಾಲ್ ವಿಷ ಅಲ್ವಾ? ಮಕ್ಕಳು ಓಡಾಡೋ ಮನೆ.

ನಾನು: ವಿಷವೇ ಅತ್ತೆ. ಕುಡಿದರೆ ಕಣ್ಣು ಹೋಗುತ್ತೆ, ಜೀವವೂ ಹೋಗುತ್ತೆ. ನೋಡೋಕೆ ನೀರಿನ ಹಾಗೆ, ಬೆಂಕಿ ಹತ್ತಿದರೆ ಹಗಲಲ್ಲಿ ಜ್ವಾಲೆ ಸರಿಯಾಗಿ ಕಾಣಲ್ಲ. ಮೊಹರು ಹಾಕಿದ ಕ್ಯಾನ್‌ನಲ್ಲೇ ಬರಬೇಕು, ಬಾಟಲಿಗೆ ಸುರಿಯೋ ಮಾತೇ ಇಲ್ಲ. ಪೆಟ್ರೋಲ್ ಥರ ಬೇಕಾದಾಗ ಬಂಕಿಗೆ ಹೋಗಿ ತರೋಕೂ ಆಗಲ್ಲ, ಮಾರಾಟಕ್ಕೆ ಪರವಾನಗಿ ಬೇಕು, ಮತ್ತೆ ತುಂಬಾ ಶುದ್ಧವಾಗಿರಬೇಕು. ಕಲಬೆರಕೆ ಹಾಕಿದರೆ ಸೆಲ್ ಹಾಳು. ಹಾಗಾಗಿ ಜೂನ್ 1ಕ್ಕೆ ಕ್ಯಾನ್ ಮನೆಯಲ್ಲಿರಬೇಕು, ಬೀಗ ಹಾಕೋ ಜಾಗದಲ್ಲಿ.

ಅತ್ತೆ: ಮತ್ತೆ ದೊಡ್ಡಮ್ಮನ ಇನ್ಸುಲಿನ್? ಫ್ರಿಜ್ ನೀನು ಲೆಕ್ಕಕ್ಕೇ ತಗೊಂಡಿಲ್ಲ.

ನಾನು: ಬೇಕೆಂದೇ ಬಿಟ್ಟೆ. ಫ್ರಿಜ್ ಸೇರಿಸಿದರೆ ದಿನದ ಬಳಕೆ ಒಂದು ಯೂನಿಟ್ ದಾಟುತ್ತೆ, 40 ವ್ಯಾಟ್ ಸಾಲಲ್ಲ, 75ರದ್ದು ಬೇಕು, ಬೆಲೆಯೂ ಇಂಧನವೂ ಏರುತ್ತೆ. ಬಳಕೆಯಲ್ಲಿರೋ ಇನ್ಸುಲಿನ್ ಬಹುತೇಕ ಥರದ್ದು ಹೊರಗೆ ಸುಮಾರು 4 ವಾರ ಇಡಬಹುದು, ಬಿಸಿ ತಾಗಬಾರದು ಅಷ್ಟೇ. ನಮ್ಮ ಮಳೆಗಾಲದ ಚಳಿಗೆ ಅದು ಕಷ್ಟ ಇಲ್ಲ. ಆದರೂ ದೊಡ್ಡಮ್ಮನ ಡಾಕ್ಟರ್ ಹತ್ತಿರ ಅವರು ಬಳಸೋ ಔಷಧಿಯ ಹೆಸರು ಹೇಳಿಯೇ ಕೇಳಿ. ಅವರು ಆಗಲ್ಲ ಅಂದರೆ ಲೆಕ್ಕ ಮೊದಲಿಂದ.

ಚಿಕ್ಕಪ್ಪ: ಹಾಗಾದರೆ ನನ್ನ ಪೆಟ್ಟಿಗೆ ಹೋಯ್ತು ಅಂತಲಾ?

ನಾನು: ಇಲ್ಲ ಚಿಕ್ಕಪ್ಪ, ಯೋಚನೆ ನಿಮ್ಮದೇ ಸರಿ. ಬೆಲೆ ಮಾತ್ರ ನಮ್ಮ ಹತ್ತಿರ ಬಂದಿಲ್ಲ. 2009ರಲ್ಲಿ ತೋಶಿಬಾ ಜಪಾನ್‌ನಲ್ಲಿ ಡೈನಾರಿಯೋ ಅಂತ ಫೋನ್ ಚಾರ್ಜ್ ಮಾಡೋ ಮೆಥನಾಲ್ ಸೆಲ್ ಬಿಟ್ಟಿತ್ತು. ಬೆಲೆ 29,800 ಯೆನ್, ಮಾರಾಟಕ್ಕೆ ಬಿಟ್ಟಿದ್ದು 3,000 ಸೆಲ್ ಮಾತ್ರ. ಕೆಲಸ ಮಾಡುತ್ತಿತ್ತು. ಆದರೆ ಫೋನ್ ಚಾರ್ಜ್ ಮಾಡೋಕೆ ಅಷ್ಟು ದುಡ್ಡು ಯಾಕೆ ಕೊಡ್ತಾರೆ, ಪವರ್ ಬ್ಯಾಂಕ್ ಅಷ್ಟು ಅಗ್ಗವಾದ ಮೇಲೆ? ದೊಡ್ಡ ಕತ್ತಲಿಗೆ ಮಾಡಿದ ಯಂತ್ರವನ್ನು ಸಣ್ಣ ಕೆಲಸಕ್ಕೆ ಇಟ್ಟರೆ ಹಾಗೇ ಆಗುತ್ತೆ.

ಅಣ್ಣ: ನಮ್ಮ ಪರಿಹಾರ ತಂಡದ ವಾಕಿಟಾಕಿಗೆ ಬಾಡಿಗೆಗೆ ಸಿಗುತ್ತಾ ಅಂತ ನಾನು ಕೇಳ್ತೀನಿ. ಅಲ್ಲಿ ತೂಕವೇ ಮುಖ್ಯ.

ನಾನು: ಕೇಳು. ಬಾಡಿಗೆಗೆ ಸಿಕ್ಕಿದರೆ ಒಂದು ಮಳೆಗಾಲ ಐನ್‌ಮನೆಯಲ್ಲೂ ಓಡಿಸಿ ನೋಡಬಹುದು.

ಚಿಕ್ಕಪ್ಪ: ಸರಿ. ನಾಳೆ ಮೀಟರ್ ಹಾಕಿ ವೈಫೈ, ಬಲ್ಬ್, ಫ್ರಿಜ್ ಎಲ್ಲ ಅಳೆದು ಹಾಕ್ತೀನಿ. ಮಾರುವವರಿಗೆ ಕೇಳೋ ಪ್ರಶ್ನೆ ನೀನೇ ಬರೆದು ಕಳಿಸು. ಎಂಟು ತಿಂಗಳು ಸುಮ್ನೆ ಕೂತ ಮೇಲೆ ಶುರುವಾಗುತ್ತಾ ಅನ್ನೋದು ಮೇಲೆ ಇರಲಿ.

ತಮ್ಮ: ಅಷ್ಟರಲ್ಲಿ ಎರಡು ದಿನಕ್ಕೆ ಆಗೋಷ್ಟು ಲಿಥಿಯಂ ಬ್ಯಾಟರಿ ತಂದುಬಿಡ್ತೀನಿ. ಮುಂದೆ ಸೆಲ್ ಬಂದರೂ ಅದಕ್ಕೆ ಬ್ಯಾಟರಿ ಬೇಕೇ ಬೇಕಲ್ಲ.

ಚಿಕ್ಕಪ್ಪ: ತಾ. ಬಿಲ್ ಗುಂಪಿಗೆ ಹಾಕು.