ಟರ್ಬೊ ಹೊಸದು ಅಂದರೆ ಹಳೆಯದು ಯಾಕೆ ಹೋಯಿತು ಅಂತ ಕೇಳು

ಸುಹಾಸ, ನಿನ್ನ ಮೆಸೇಜ್ ಈಗ ನೋಡಿದೆ. ತೀರ್ಥಹಳ್ಳಿಯಲ್ಲಿ 2015ರ ಸ್ವಿಫ್ಟ್ ಡೀಸೆಲ್ ಇದೆ, 1.2 ಲಕ್ಷ ಓಡಿದೆ, "ಟರ್ಬೊ ಹೊಸದು ಹಾಕಿಸಿದ್ದೇವೆ, ಇನ್ನು ಯೋಚನೆ ಇಲ್ಲ" ಅಂತಾರೆ, ತಗೊಳ್ಳಲಾ ಅಂತ ಕೇಳಿದ್ದೀಯ. ಅದರ ಕೆಳಗೆ ಭಾವ "ಟರ್ಬೊ ಗಾಡಿ ಲಕ್ಷ ದಾಟಿದರೆ ಮುಟ್ಟಲೇಬೇಡ" ಅಂತ ಹಾಕಿದ್ದಾರೆ. ವಾಯ್ಸ್ ಕಳಿಸೋಣ ಅಂದರೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತಿದೆ. ಬರೆದೇ ಹಾಕುತ್ತೇನೆ, ಸಮಾಧಾನದಲ್ಲಿ ಓದು. ಟರ್ಬೊ ಅಂದರೆ ಇಂಜಿನ್ ಹೊಗೆಯ ರಭಸಕ್ಕೆ ತಿರುಗಿ ಇಂಜಿನ್‌ಗೆ ಜಾಸ್ತಿ ಗಾಳಿ ತಳ್ಳುವ ಫ್ಯಾನ್, ಅಷ್ಟು ಗೊತ್ತಿರಲಿ.

ಭಾವ, ಬೇಜಾರು ಮಾಡ್ಕೋಬೇಡಿ, ಟರ್ಬೊಗೆ ಇಷ್ಟೇ ಕಿಲೋಮೀಟರ್ ಅಂತ ಆಯಸ್ಸು ಇಲ್ಲ. ಸರಿಯಾಗಿ ನೋಡಿಕೊಂಡರೆ 2 ಲಕ್ಷ ದಾಟಿದರೂ ಓಡುತ್ತದೆ. ಅದರ ಫ್ಯಾನ್ ಕೂತ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನ ಹತ್ತಿರ ತಿರುಗುತ್ತದೆ, ಅದೂ 700 ಡಿಗ್ರಿ ಆಸುಪಾಸಿನ ಹೊಗೆಯ ಪಕ್ಕದಲ್ಲಿ. ಅಂಥ ಶಾಫ್ಟ್ ಬೇರಿಂಗ್‌ಗೆ ಉಜ್ಜದ ಹಾಗೆ ಕಾಯುವುದು ಇಂಜಿನ್ ಆಯಿಲ್‌ನ ತೆಳು ಪದರ, ಅಷ್ಟೇ. ಆಯಿಲ್ ಕಮ್ಮಿ ಆಯಿತು ಅಥವಾ ಕೊಳೆ ಆಯಿತು ಅಂದರೆ ಕಥೆ ಮುಗೀತು. ಟರ್ಬೊ ತಾನಾಗಿ ಸಾಯುವುದು ಕಮ್ಮಿ, ನಾವು ಸಾಯಿಸುವುದೇ ಜಾಸ್ತಿ.

ಅದಕ್ಕೇ "ಹೊಸ ಟರ್ಬೊ" ಅಂದ ಕೂಡಲೇ ನನಗೆ ಖುಷಿಗಿಂತ ಅನುಮಾನ ಬರುತ್ತದೆ. ಹಳೆಯದು ಯಾಕೆ ಹೋಯಿತು? ಟರ್ಬೊಗೆ ಆಯಿಲ್ ತರುವ ಸಣ್ಣ ಪೈಪ್ ಒಂದಿದೆ. ಆಯಿಲ್ ಸುಟ್ಟು ಅದರೊಳಗೆ ಕರಿ ಕಟ್ಟುತ್ತದೆ, ದಾರಿ ಕಿರಿದಾಗುತ್ತದೆ. ಆ ಪೈಪ್ ಹಾಗೇ ಬಿಟ್ಟು ಬರೀ ಟರ್ಬೊ ಕೂರಿಸಿದರೆ ಹೊಸದೂ ಹಳೆಯದರ ಹಿಂದೆಯೇ ಹೋಗುತ್ತದೆ. ಬಿಲ್ ತರಿಸಿ ನೋಡು. ಪೈಪ್ ಬದಲಿಸಿದ್ದಾರಾ, ಆಯಿಲ್ ಮತ್ತು ಫಿಲ್ಟರ್ ಹೊಸದಾ, ಆಯಿಲ್ ಚೇಂಬರ್ ಬಿಚ್ಚಿ ಜಾಲರಿ ತೊಳೆದಿದ್ದಾರಾ, ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಕ್ಲೀನ್ ಮಾಡಿದ್ದಾರಾ. ಹಳೆ ಫ್ಯಾನ್ ಒಡೆದಿದ್ದರೆ ಚೂರುಗಳು ಅಲ್ಲಿ ಕೂತಿರಬಹುದು. ರಿಪೇರಿ ಮಾಡಿದ ಟರ್ಬೊ ಆದರೂ ಫ್ಯಾನ್ ಅದುರದ ಹಾಗೆ ತೂಕ ಸರಿ ಮಾಡುವ ಬ್ಯಾಲೆನ್ಸಿಂಗ್ ಮಷಿನ್‌ನಲ್ಲಿ ಹಾಕಿಸಿದ್ದರೆ ಪರವಾಗಿಲ್ಲ.

ನಮ್ಮ ಕಡೆ ಗಾಡಿಗಳ ರೋಗ ಬೇರೆ. ಮನೆಯಿಂದ ಡೈರಿಗೆ, ಡೈರಿಯಿಂದ ಸೊಸೈಟಿಗೆ, ಇಂಜಿನ್ ಬಿಸಿಯೇ ಆಗಿರುವುದಿಲ್ಲ. ಕಿಲೋಮೀಟರ್ ಏರಿಲ್ಲ ಅಂತ ಎರಡು ವರ್ಷ ಆಯಿಲ್ ಬದಲಿಸುವುದಿಲ್ಲ. ಆಯಿಲ್‌ಗೆ ತಿಂಗಳ ಲೆಕ್ಕವೂ ಇದೆ ಮಾರಾಯ, ವರ್ಷಕ್ಕೊಮ್ಮೆಯಾದರೂ ಬದಲಿಸಲೇಬೇಕು. ಇನ್ನೊಂದು, ಆಗುಂಬೆಯೋ ಹುಲಿಕಲ್ಲೋ ಘಾಟಿ ಒಂದೇ ಉಸಿರಿಗೆ ಹತ್ತಿ, ಮೇಲೆ ಬಂದವರೇ ಕೀ ತಿರುಗಿಸಿ ಚಾ ಕುಡಿಯಲು ಇಳಿಯುತ್ತಾರೆ. ಇಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಂತಿತು, ಕಾದ ಟರ್ಬೊದೊಳಗೆ ಉಳಿದ ಆಯಿಲ್ ಅಲ್ಲೇ ಹೊತ್ತುತ್ತದೆ. ಒಂದು ನಿಮಿಷ ಆನ್‌ನಲ್ಲೇ ಬಿಟ್ಟರೆ ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಕೊಡುವುದೂ ಅಷ್ಟೇ ಕೆಟ್ಟದ್ದು. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳಿದೆಯಲ್ಲ, ಏರ್ ಫಿಲ್ಟರ್ ಹರಿದಿದ್ದರೆ ಅದು ನೇರ ಹೋಗಿ ಫ್ಯಾನ್ ಸವೆಸುತ್ತದೆ.

ಗಾಡಿ ನೋಡುವಾಗ ಟರ್ಬೊಗೆ ಗಾಳಿ ಹೋಗುವ ಹೋಸ್ ಬಿಚ್ಚಿಸು. ಒಳಗೆ ಬೆರಳು ಹಾಕಿ ಫ್ಯಾನ್ ಅಲ್ಲಾಡಿಸು. ಪಕ್ಕಕ್ಕೆ ಸ್ವಲ್ಪ ಆಡಿದರೆ ಅದು ಇರಬೇಕಾದದ್ದೇ. ಹಿಂದೆ ಮುಂದೆ ಆಡಿದರೆ ಅಥವಾ ರೆಕ್ಕೆ ಗೋಡೆಗೆ ತಾಗಿದ ಗುರುತಿದ್ದರೆ ಬೇಡ. ಬೆರಳಿಗೆ ಎಣ್ಣೆ ಪಸೆ ತಾಗಿತು ಅಂತ ಹೆದರಬೇಡ. ಪೈಪ್‌ನಲ್ಲಿ ಆಯಿಲ್ ನಿಂತಿದ್ದರೆ ಮಾತ್ರ ಯೋಚಿಸು.

ಆಮೇಲೆ ಏರು ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ಓಡಿಸು. ಈ ಇಂಜಿನ್ 2000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ತನಕ ಸೋಮಾರಿಯೇ, ದಾಟಿದ ಮೇಲೆ ಎಳೆಯಬೇಕು. ಎಳೆಯದೆ ಕಪ್ಪು ಹೊಗೆ ಬಿಟ್ಟರೆ ಬರೀ ಹೋಸ್ ಸೀಳಿರಲೂಬಹುದು, ಅದು ಸಣ್ಣ ಖರ್ಚು, ರೇಟ್ ಇಳಿಸಲು ಒಳ್ಳೆ ನೆಪ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಸಣ್ಣ ಶಿಳ್ಳೆ ಸರಿ, ಸೈರನ್ ಥರ ಕೂಗಿದರೆ ಸರಿಯಲ್ಲ. ಟರ್ಬೊದಿಂದ ಆಯಿಲ್ ಜಾಸ್ತಿ ಸೋರಿದರೆ ಇಂಜಿನ್ ಅದನ್ನೇ ಕುಡಿದು ಕೀ ತೆಗೆದರೂ ನಿಲ್ಲದೆ ಕಿರುಚುವುದುಂಟು. ಹಾಗೇನಾದರೂ ಆದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ನಿಲ್ಲಿಸಬೇಕು.

ಬಿಡಿಭಾಗದ ಚಿಂತೆ ಬೇಡ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದರೂ ಇದು ಫಿಯೆಟ್‌ನ 1.3 ಮಲ್ಟಿಜೆಟ್, ಎಷ್ಟೋ ಗಾಡಿಗಳಲ್ಲಿದೆ. ಅಲ್ಲದೆ ಸ್ವಿಫ್ಟ್‌ನದ್ದು ಸಾದಾ ಟರ್ಬೊ, ಮಾರುತಿಯದೇ ಸಿಯಾಜ್ ಕಾರಿನ ಹಾಗೆ ಒಳಗೆ ತಿರುಗುವ ರೆಕ್ಕೆ ಮಸಿ ಹಿಡಿದು ಸಿಕ್ಕಿಹಾಕಿಕೊಳ್ಳುವ ತಾಪತ್ರಯ ಇಲ್ಲ.

ಶನಿವಾರ ಶಿವಮೊಗ್ಗದಿಂದ ನಾನೂ ಬರುತ್ತೇನೆ. ಅಲ್ಲಿಯ ತನಕ ಅಡ್ವಾನ್ಸ್ ಕೊಡಬೇಡ. ಬಿಲ್ ಫೋಟೊ ಇವತ್ತೇ ತರಿಸಿಕೋ. ನಾವು ಬರುವ ಮೊದಲು ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳಿಡು, ತಣ್ಣಗಿದ್ದಾಗ ಮೊದಲ ಹೊಗೆ ಹೇಗೆ ಬರುತ್ತದೆ ಅಂತ ನೋಡಬೇಕು.